ಕಹಿಬೀಜದ ಕಥೆ: ಕ್ಯಾನ್ಸರ್ ಮದ್ದೆಂಬ ಒಂದು ಹುಸಿಯ ಇತಿಹಾಸ

ಇತಿಹಾಸವೆಂದರೆ ರಾಜಮನೆತನಗಳ ಏಳುಬೀಳು, ಯುದ್ಧ, ಶಾಸನ, ದೇವಾಲಯಗಳ ವಿವರಣೆ ಮಾತ್ರವೆಂದು ಭಾವಿಸುವುದು ವಾಡಿಕೆ. ಆದರೆ ಒಂದು ಸುಳ್ಳಿಗೂ ಇತಿಹಾಸವಿರುತ್ತದೆ. ಅದು ಎಲ್ಲಿ ಹುಟ್ಟಿತು, ಯಾರ ಆಶ್ರಯದಲ್ಲಿ ಬೆಳೆಯಿತು, ಎಷ್ಟು ಸಲ ಪರಾಭವಗೊಂಡಿತು, ಎಷ್ಟು ಸಲ ವೇಷ ಬದಲಿಸಿ ಮರಳಿ ಬಂದಿತು ಎಂಬುದನ್ನು ಅರಿತವನು ಅದಕ್ಕೆ ಸುಲಭವಾಗಿ ಮರುಳಾಗಲಾರ. ರೋಗರುಜಿನಗಳ ವಿಷಯದಲ್ಲಿ ಈ ಮಾತು ಇನ್ನಷ್ಟು ಸತ್ಯ. ಏಕೆಂದರೆ ಅಲ್ಲಿ ಸುಳ್ಳಿಗೆ ತೆರಬೇಕಾದ ಬೆಲೆ ಹಣವಷ್ಟೇ ಅಲ್ಲ, ಪ್ರಾಣ.

ಇತ್ತೀಚಿನ ವರ್ಷಗಳಲ್ಲಿ ವಾಟ್ಸ್‌ಆ್ಯಪ್, ಫೇಸ್‌ಬುಕ್ ಮೊದಲಾದ ಸಾಮಾಜಿಕ ಮಾಧ್ಯಮಗಳ ಮೂಲಕ ನಮ್ಮ ದೇಶದಲ್ಲಿ ಒಂದು ಸಂದೇಶವು ಕೈಯಿಂದ ಕೈಗೆ ಸಂಚರಿಸುತ್ತಿದೆ. ಅದರ ಸಾರಾಂಶ ಹೀಗಿದೆ: ಕ್ಯಾನ್ಸರ್ ಎಂಬುದು ರೋಗವೇ ಅಲ್ಲ, ಅದೊಂದು ವ್ಯಾಪಾರ. ಅದು ‘ಬಿ-17’ ಎಂಬ ವಿಟಮಿನ್ನಿನ ಕೊರತೆ ಮಾತ್ರ. ಹಿಂದೆ ಸ್ಕರ್ವಿ ರೋಗದಿಂದ ನಾವಿಕರು ಸಾಯುತ್ತಿದ್ದರು, ಕಡೆಗೆ ಅದು ವಿಟಮಿನ್ ಸಿ ಕೊರತೆ ಎಂದು ತಿಳಿಯಿತು. ಕ್ಯಾನ್ಸರ್ ಕೂಡ ಅಂತೆಯೇ. ಆದುದರಿಂದ ದಿನಕ್ಕೆ ಹದಿನೈದಿಪ್ಪತ್ತು ಏಪ್ರಿಕಾಟ್ ಬೀಜಗಳನ್ನು, ಅಂದರೆ ಜರ್ದಾಳು ಹಣ್ಣಿನ ಓಟೆಯೊಳಗಿನ ತಿರುಳನ್ನು, ತಿಂದರೆ ಸಾಕು. ಔಷಧ ಕಂಪನಿಗಳು ಲಾಭಕ್ಕಾಗಿ ಈ ಸತ್ಯವನ್ನು ಮುಚ್ಚಿಟ್ಟಿವೆ. ಓದಿದವರಿಗೆ ಇದೊಂದು ಹೊಸ ಸಂಶೋಧನೆಯೆಂದು ತೋರಬಹುದು. ವಾಸ್ತವವಾಗಿ ಇದು ಎಪ್ಪತ್ತು ವರ್ಷಗಳಷ್ಟು ಹಳೆಯ ಪ್ರತಿಪಾದನೆ. ಅಮೆರಿಕದಲ್ಲಿ ಹುಟ್ಟಿ, ಅಲ್ಲಿಯೇ ಪರೀಕ್ಷೆಗೆ ಒಳಗಾಗಿ, ಅಲ್ಲಿಯೇ ಸೋತದ್ದು. ಆ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸ್ಕರ್ವಿಯ ಹೋಲಿಕೆಯನ್ನೇ ನೋಡೋಣ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ‘ಸಾಲಿಸ್ಬರಿ’ ಎಂಬ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ಶಸ್ತ್ರವೈದ್ಯನು ಸ್ಕರ್ವಿ ಪೀಡಿತರಾದ ಹನ್ನೆರಡು ಮಂದಿ ನಾವಿಕರನ್ನು ಆರಿಸಿಕೊಂಡು, ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಉಪಚಾರ ನಡೆಸಿದನು. ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿಯು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಿತು. ಉಳಿದವರು ಹಾಗೆ ಚೇತರಿಸಿಕೊಳ್ಳಲಿಲ್ಲ. ಅಂದರೆ ಸ್ಕರ್ವಿಯ ಮದ್ದು ತಿಳಿದುಬಂದದ್ದು ಒಬ್ಬರ ಹೇಳಿಕೆಯಿಂದಲ್ಲ, ಮದ್ದು ಪಡೆದವರನ್ನೂ ಪಡೆಯದವರನ್ನೂ ಎದುರುಬದುರು ನಿಲ್ಲಿಸಿ ನೋಡಿದ ಪರೀಕ್ಷೆಯಿಂದ. ಸ್ಕರ್ವಿಯನ್ನು ಸಾಕ್ಷಿಗೆ ಕರೆಯುವವರು ಈ ಪರೀಕ್ಷೆಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಏಪ್ರಿಕಾಟ್ ಬೀಜವು ಅಂಥ ಪರೀಕ್ಷೆಯನ್ನು ಎದುರಿಸಿದಾಗ ಏನಾಯಿತೆಂಬುದು ಮುಂದೆ ತಿಳಿದುಬರುತ್ತದೆ.

ಈ ಬೀಜದಲ್ಲಿರುವ ವಸ್ತುವಿನ ಹೆಸರು ಅಮಿಗ್ಡಲಿನ್. ಕಹಿಬಾದಾಮಿಯಿಂದ ಇದನ್ನು 1830ರಲ್ಲಿ ಮೊದಲು ಬೇರ್ಪಡಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ರೋಬಿಕೆ ಮತ್ತು ಬೂತ್ರಾನ್. 1837ರಲ್ಲಿ ಜರ್ಮನಿಯ ಲೀಬಿಗ್ ಮತ್ತು ವೋಲರ್ ಎಂಬ ವಿಖ್ಯಾತ ವಿಜ್ಞಾನಿಗಳು ಇದರ ಗುಣವನ್ನು ಪರೀಕ್ಷಿಸಿ, ಬೀಜದಲ್ಲಿಯೇ ಇರುವ ಒಂದು ಕಿಣ್ವದ ಸಂಪರ್ಕಕ್ಕೆ ಬಂದೊಡನೆ ಅದು ಒಡೆದು ಸಕ್ಕರೆ, ಬಾದಾಮಿಯ ಪರಿಮಳವುಳ್ಳ ಒಂದು ಎಣ್ಣೆ ಹಾಗೂ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷವಾಗಿ ಪರಿಣಮಿಸುವುದನ್ನು ತೋರಿಸಿಕೊಟ್ಟರು. ಇಂಥ ವಸ್ತುಗಳು ಸಸ್ಯಲೋಕದಲ್ಲಿ ಅಪರೂಪವೇನಲ್ಲ. ಉತ್ತರ ಕರ್ನಾಟಕದ ಒಕ್ಕಲಿಗರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಎಳೆಯ ಜೋಳದ ಬೆಳೆಯನ್ನೂ, ಮಳೆಯಿಲ್ಲದೆ ಬಾಡಿದ ಪೈರನ್ನೂ, ಕೊಯ್ದ ಬಳಿಕ ಮತ್ತೆ ಚಿಗುರಿದ ಕೂಳೆಯನ್ನೂ ಮೇಯ್ದ ದನಗಳು ಹೊಟ್ಟೆಯುಬ್ಬರಿಸಿ, ತತ್ತರಿಸಿ ಸಾಯುವುದುಂಟು. ಅಲ್ಲಿಯೂ ಕೊಲ್ಲುವುದು ಇದೇ ಸಯನೈಡ್. ಮರಗೆಣಸನ್ನು ಬೇಯಿಸಿ, ಬಸಿದ ನೀರನ್ನು ಚೆಲ್ಲುವ ಪದ್ಧತಿಗೂ ಇದೇ ಕಾರಣ. ಏಪ್ರಿಕಾಟ್ ಹಣ್ಣಿನ ತಿರುಳು ನಿರಪಾಯವಾದ ಆಹಾರ. ವಿಷದ ಮೂಲವಿರುವುದು ಓಟೆಯನ್ನೊಡೆದಾಗ ಸಿಗುವ ಕಹಿಬೀಜದಲ್ಲಿ.

ವಿಷವೇ ಮದ್ದಾಗಬಹುದೆಂಬ ಆಲೋಚನೆ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ರಷ್ಯಾದಲ್ಲಿ ಕ್ಯಾನ್ಸರಿಗೆ ಅಮಿಗ್ಡಲಿನ್ನನ್ನು ಪ್ರಯೋಗಿಸಲಾಗಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿಯೂ ಪ್ರಯತ್ನ ನಡೆದು, ತೀರ ವಿಷಕಾರಿಯೆಂದು ಕೈಬಿಡಲಾಯಿತು. ಆ ಹಳೆಯ ವಸ್ತುವಿಗೆ ಹೊಸ ನಾಮಕರಣ ಮಾಡಿದವರು ಸ್ಯಾನ್‌ಫ್ರಾನ್ಸಿಸ್ಕೋ ನಗರದ ತಂದೆ ಮಗ. ತಂದೆ ಅರ್ನ್‌ಸ್ಟ್ ಕ್ರೆಬ್ಸ್ ವೈದ್ಯ. ಅದೇ ಹೆಸರಿನ ಮಗನು ವೈದ್ಯಕೀಯ ಕಾಲೇಜಿಗೆ ಸೇರಿದ್ದರೂ ವ್ಯಾಸಂಗ ಪೂರೈಸಲಿಲ್ಲ. ಅಭ್ಯಾಸದಿಂದ ಗಳಿಸಿದ ಡಾಕ್ಟರ್ ಪದವಿಯಾವುದೂ ಆತನಿಗಿರಲಿಲ್ಲ. ಹೀಗಿದ್ದರೂ ಆತನ ಅನುಯಾಯಿಗಳು ಆತನನ್ನು ಕಡೆಯವರೆಗೂ ‘ಡಾಕ್ಟರ್’ ಎಂದೇ ಕರೆದರು. 1950ರ ದಶಕದ ಆರಂಭದಲ್ಲಿ ಇವರು ಅಮಿಗ್ಡಲಿನ್‌ಗೆ ಸಂಬಂಧಿಸಿದ ಸಿದ್ಧವಸ್ತುವನ್ನು ‘ಲೇಟ್ರಿಲ್’ ಎಂಬ ಹೆಸರಿನಿಂದ ಕ್ಯಾನ್ಸರ್ ಮದ್ದಾಗಿ ಹೊರತಂದರು.

ಅವರ ವಾದಸರಣಿ ಮೇಲ್ನೋಟಕ್ಕೆ ಆಕರ್ಷಕವಾಗಿತ್ತು. ಕ್ಯಾನ್ಸರ್ ಕೋಶಗಳಲ್ಲಿ ಅಮಿಗ್ಡಲಿನ್ನನ್ನು ಒಡೆಯುವ ಕಿಣ್ವವು ಹೇರಳವಾಗಿದೆ, ಆದುದರಿಂದ ಸಯನೈಡ್ ಅಲ್ಲಿಯೇ ಬಿಡುಗಡೆಯಾಗಿ ಆ ಕೋಶಗಳನ್ನು ಕೊಲ್ಲುತ್ತದೆ. ಆರೋಗ್ಯವಂತ ಕೋಶಗಳಲ್ಲಾದರೋ ಸಯನೈಡನ್ನು ನಿರ್ವಿಷಗೊಳಿಸುವ ಇನ್ನೊಂದು ಕಿಣ್ವವಿರುವುದರಿಂದ ಅವುಗಳಿಗೆ ಬಾಧೆಯಿಲ್ಲ. ಶತ್ರುವನ್ನು ಮಾತ್ರ ಹುಡುಕಿ ಹೊಡೆಯುವ ಬಾಣದಂತೆ! ಆದರೆ ಕೋಶಗಳನ್ನು ಪರೀಕ್ಷಿಸಿ ನೋಡಿದ ವಿಜ್ಞಾನಿಗಳಿಗೆ ಬೇರೆಯ ಚಿತ್ರವೇ ಕಂಡಿತು. ಒಡೆಯುವ ಕಿಣ್ವವು ಎರಡು ಬಗೆಯ ಕೋಶಗಳಲ್ಲಿಯೂ ಅತ್ಯಲ್ಪ. ನಿರ್ವಿಷಗೊಳಿಸುವ ಕಿಣ್ವವು ಎರಡರಲ್ಲಿಯೂ ಹೆಚ್ಚು ಕಡಿಮೆ ಸಮಾನ. ರಕ್ತನಾಳದ ಮೂಲಕ ಕೊಟ್ಟ ಅಮಿಗ್ಡಲಿನ್ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಟುಹೋಗುತ್ತದೆ. ಬಾಯಿಯ ಮೂಲಕ ಸೇವಿಸಿದರೆ ಮಾತ್ರ ಕರುಳಿನ ಸೂಕ್ಷ್ಮಜೀವಿಗಳು ಅದನ್ನೊಡೆದು ಸಯನೈಡ್ ಬಿಡುಗಡೆ ಮಾಡುತ್ತವೆ. ಆ ವಿಷವು ಕ್ಯಾನ್ಸರ್ ಗಡ್ಡೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಇಡೀ ಶರೀರವನ್ನು ವ್ಯಾಪಿಸುತ್ತದೆ.

ಕ್ಯಾಲಿಫೋರ್ನಿಯಾ ವೈದ್ಯ ಸಂಘದ ಕ್ಯಾನ್ಸರ್ ಆಯೋಗವು ಈ ಮದ್ದು ಪಡೆದ 44 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ 1953ರಲ್ಲಿ ವರದಿ ನೀಡಿತು. ಮದ್ದಿನಿಂದ ಗುಣ ಕಂಡಿತೆನ್ನಲು ಯಾವ ಆಧಾರವೂ ಸಿಕ್ಕಲಿಲ್ಲ. 1962ರಲ್ಲಿ ಅಮೆರಿಕದ ಔಷಧ ಕಾಯಿದೆಗೆ ಮಹತ್ವದ ತಿದ್ದುಪಡಿಯಾಗಿ, ಔಷಧವು ನಿರಪಾಯವೆಂಬುದನ್ನಷ್ಟೇ ಅಲ್ಲದೆ ಗುಣಕಾರಿಯೆಂಬುದನ್ನೂ ತಯಾರಕರೇ ಸಿದ್ಧಪಡಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಮರುವರ್ಷವೇ ಕ್ಯಾಲಿಫೋರ್ನಿಯಾ ರಾಜ್ಯವು ಲೇಟ್ರಿಲ್ ಚಿಕಿತ್ಸೆಯನ್ನು ನಿಷೇಧಿಸಿತು. ಗಡಿಯಾಚೆ ಮೆಕ್ಸಿಕೋ ದೇಶದ ಟಿಹುವಾನಾ ಪಟ್ಟಣದಲ್ಲಿ ಚಿಕಿತ್ಸಾಲಯಗಳು ತಲೆಯೆತ್ತಿದವು. ಅಮೆರಿಕದ ರೋಗಿಗಳು ಅಲ್ಲಿಗೆ ಹೋಗತೊಡಗಿದರು.

ಇಲ್ಲಿ ನಡೆದ ಒಂದು ಮಾರ್ಪಾಡನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಔಷಧವೆಂದು ಕರೆದರೆ ಕಾಯಿದೆಯು ಪುರಾವೆ ಕೇಳುತ್ತದೆ. ಆಹಾರ, ವಿಟಮಿನ್ ಎಂದು ಕರೆದರೆ ಅಷ್ಟು ಬಿಗಿಯಿಲ್ಲ. 1970ರ ಸುಮಾರಿಗೆ ಅದೇ ವಸ್ತುವು ‘ವಿಟಮಿನ್ ಬಿ-17’ ಎಂಬ ಹೊಸ ಹೆಸರು ತಳೆಯಿತು. ಅದರೊಂದಿಗೆ ವಾದವೂ ಬದಲಾಯಿತು. ಗಡ್ಡೆಯನ್ನು ಕೊಲ್ಲುವ ಮದ್ದೆಂಬುದು ಹಿಂದೆ ಸರಿದು, ಕ್ಯಾನ್ಸರ್ ಒಂದು ವಿಟಮಿನ್ ಕೊರತೆಯೆಂಬುದು ಮುಂದೆ ಬಂದಿತು. ವಿಟಮಿನ್ ಎನ್ನಿಸಿಕೊಳ್ಳಬೇಕಾದರೆ ಆ ವಸ್ತುವು ಶರೀರಕ್ಕೆ ಅತ್ಯವಶ್ಯವಾಗಿರಬೇಕು, ಅದಿಲ್ಲದಿದ್ದರೆ ನಿರ್ದಿಷ್ಟ ವ್ಯಾಧಿ ಉಂಟಾಗಬೇಕು, ಅದನ್ನು ಕೊಟ್ಟರೆ ಆ ವ್ಯಾಧಿ ಶಮನವಾಗಬೇಕು. ಅಮಿಗ್ಡಲಿನ್‌ಗೆ ಈ ಮೂರರಲ್ಲಿ ಒಂದೂ ಅನ್ವಯಿಸುವುದಿಲ್ಲ. ಜನ್ಮದಲ್ಲಿ ಏಪ್ರಿಕಾಟ್ ಬೀಜವನ್ನು ಕಾಣದವನಿಗೂ ಅದರ ಕೊರತೆಯಿಂದ ಯಾವ ರೋಗವೂ ಬರುವುದಿಲ್ಲ. ವಿಟಮಿನ್ನುಗಳ ಅಧಿಕೃತ ಪಟ್ಟಿಯಲ್ಲಿ ಬಿ-17 ಎಂಬುದು ಇಲ್ಲ.

1972ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ವೈದ್ಯನನ್ನು ಈ ಚಿಕಿತ್ಸೆ ನೀಡಿದ ಆರೋಪದ ಮೇಲೆ ಬಂಧಿಸಿದಾಗ, ಕ್ಯಾನ್ಸರ್ ಚಿಕಿತ್ಸೆಯ ಆಯ್ಕೆಯಲ್ಲಿ ಸ್ವಾತಂತ್ರ್ಯ ಬೇಕೆಂಬ ಘೋಷಣೆಯೊಡನೆ ಒಂದು ಸಂಘಟನೆ ಹುಟ್ಟಿಕೊಂಡಿತು. 1974ರಲ್ಲಿ ಎಡ್ವರ್ಡ್ ಗ್ರಿಫಿನ್ ಎಂಬ ಲೇಖಕನ ‘ವರ್ಲ್ಡ್ ವಿದೌಟ್ ಕ್ಯಾನ್ಸರ್’ ಎಂಬ ಪುಸ್ತಕ ಹೊರಬಂದು, ಬಿ-17 ವಾದಕ್ಕೂ ಕಂಪನಿಗಳ ಒಳಸಂಚಿನ ಕಥೆಗೂ ಗಂಟು ಹಾಕಿತು. ಇಂದು ನಮ್ಮ ಮೊಬೈಲುಗಳಿಗೆ ಬರುವ ಸಂದೇಶವು ಈ ಪುಸ್ತಕವನ್ನೇ ಪ್ರಮಾಣವೆಂದು ಹೆಸರಿಸುತ್ತದೆ. ಇದನ್ನು ಅನುವಾದವಾಗದಂತೆ ತಡೆಹಿಡಿಯಲಾಗಿದೆ ಎಂಬ ಮಾತನ್ನೂ ಸೇರಿಸುತ್ತದೆ. ಪುಸ್ತಕವಾದರೋ ಅಂದಿನಿಂದ ಇಂದಿನವರೆಗೆ ಮತ್ತೆ ಮತ್ತೆ ಅಚ್ಚಾಗಿ ಬಹಿರಂಗವಾಗಿ ಮಾರಾಟವಾಗುತ್ತಲೇ ಇದೆ.

ಆ ಕಾಲದ ಅಮೆರಿಕದಲ್ಲಿ ಸರಕಾರದ ಮೇಲಿನ ಅವಿಶ್ವಾಸ ಆಳವಾಗಿತ್ತು. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣಗಳಿಂದ ಜನರ ಮನಸ್ಸು ಕೆಟ್ಟುಹೋಗಿತ್ತು. ಕ್ಯಾನ್ಸರ್ ಚಿಕಿತ್ಸೆಯೂ ಆಗ ಕಠೋರವಾಗಿಯೇ ಇದ್ದಿತು. ರೋಗಿಯ ಸಂಕಟ ನಿಜ, ಖರ್ಚು ನಿಜ, ಎಷ್ಟೋ ವೇಳೆ ವೈದ್ಯರ ಸೋಲೂ ನಿಜ. ಇಂಥ ನೆಲದಲ್ಲಿ ಹುಸಿಯ ಬೀಜ ಬಿತ್ತಿದರೆ ಬೆಳೆಯದಿದ್ದೀತೆ? 1976ರಲ್ಲಿ ಅಲಾಸ್ಕಾ ರಾಜ್ಯವು ಲೇಟ್ರಿಲ್ ಬಳಕೆಗೆ ಸಮ್ಮತಿ ನೀಡಿತು. ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದವು. 1978ರ ವೇಳೆಗೆ ಸುಮಾರು 70,000 ಅಮೆರಿಕನ್ನರು ಇದನ್ನು ಬಳಸಿದ್ದರೆಂದು ಅಂದಾಜು ಮಾಡಲಾಯಿತು. ಶಾಸನಸಭೆಗಳು ಬಹುಮತದಿಂದ ಒಂದು ಮದ್ದಿಗೆ ಅನುಮತಿ ಕೊಡಬಲ್ಲವು. ಆದರೆ ಅದಕ್ಕೆ ಗುಣವನ್ನು ಕೊಡಲಾರವು.

ಒಳಸಂಚಿನ ವಾದಿಗಳು ಇಂದಿಗೂ ಮುಂದೊಡ್ಡುವ ಪ್ರಸಂಗವೊಂದಿದೆ. ನ್ಯೂಯಾರ್ಕಿನ ಪ್ರಸಿದ್ಧ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಸ್ಥೆಯಲ್ಲಿ ಎಂಬತ್ತು ದಾಟಿದ ಹಿರಿಯ ವಿಜ್ಞಾನಿ ಕಾನೆಮಾತ್ಸು ಸುಗಿಯುರಾ ಅವರು 1972ರಿಂದ ಇಲಿಗಳ ಮೇಲೆ ಅಮಿಗ್ಡಲಿನ್ ಪ್ರಯೋಗ ನಡೆಸಿದರು. ಮೂಲ ಗಡ್ಡೆ ಕರಗಲಿಲ್ಲವಾದರೂ, ರೋಗವು ಶ್ವಾಸಕೋಶಕ್ಕೆ ಹರಡುವುದು ಕಡಿಮೆಯಾದಂತೆ ಅವರಿಗೆ ಕಂಡಿತು. ಇತರ ವಿಜ್ಞಾನಿಗಳು ಅದೇ ಪ್ರಯೋಗವನ್ನು ಮಾಡಿದಾಗ ಆ ಫಲ ಸಿಗಲಿಲ್ಲ. ಯಾವ ಇಲಿಗೆ ಮದ್ದು ಕೊಟ್ಟಿದೆ, ಯಾವುದಕ್ಕೆ ಕೊಟ್ಟಿಲ್ಲ ಎಂಬುದನ್ನು ನೋಡುವವರಿಂದ ಮರೆಮಾಡಿ ನಡೆಸಿದ ಪ್ರಯೋಗದಲ್ಲಿಯೂ ಮದ್ದಿನ ಗುಣ ಸ್ಥಿರಪಡಲಿಲ್ಲ. 1977ರ ಜೂನ್ ತಿಂಗಳಲ್ಲಿ ಸಂಸ್ಥೆಯು ಎಲ್ಲ ಪ್ರಯೋಗಗಳ ಫಲಿತಾಂಶವನ್ನು ಬಹಿರಂಗಪಡಿಸಿತು. ಸುಗಿಯುರಾ ತಾವು ಕಂಡದ್ದನ್ನು ಬಿಟ್ಟುಕೊಡಲಿಲ್ಲ. ಆದರೆ ಲೇಟ್ರಿಲ್ ಕ್ಯಾನ್ಸರನ್ನು ಗುಣಪಡಿಸುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲವೆಂದೇ ಉತ್ತರಿಸಿದರು. ಈ ಉತ್ತರಾರ್ಧವನ್ನು ಬಿಟ್ಟು ಪೂರ್ವಾರ್ಧವನ್ನಷ್ಟೇ ಹೇಳುವವರೇ ಹೆಚ್ಚು. ಒಬ್ಬರು ಕಂಡದ್ದನ್ನು ಇನ್ನೊಬ್ಬರೂ ಕಾಣಬೇಕೆಂಬುದು ವಿಜ್ಞಾನದ ನಿಯಮ. ಅದು ಹಿರಿಯರಿಗೆ ಮಾಡುವ ಅಗೌರವವಲ್ಲ.

1978ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ದೇಶದ ಲಕ್ಷಾಂತರ ವೈದ್ಯರಿಗೂ ಲೇಟ್ರಿಲ್ ಪರವಾದ ಸಂಘಟನೆಗಳಿಗೂ ಪತ್ರ ಬರೆದು, ಈ ಮದ್ದಿನಿಂದ ಗುಣವಾದ ರೋಗಿಗಳಿದ್ದರೆ ಅವರ ದಾಖಲೆ ಕಳುಹಿಸಬೇಕೆಂದು ಕೇಳಿಕೊಂಡಿತು. ಬಳಸಿದವರು ಎಪ್ಪತ್ತು ಸಾವಿರ ಮಂದಿ. ಬಂದ ದಾಖಲೆಗಳು 93. ಅವುಗಳಲ್ಲಿ ಪರಿಶೀಲನೆಗೆ ಯೋಗ್ಯವಾದವು 67. ಗಡ್ಡೆ ಪೂರ್ತಿ ಕರಗಿದಂತೆ ಕಂಡವು ಎರಡು, ಭಾಗಶಃ ಕುಗ್ಗಿದಂತೆ ಕಂಡವು ನಾಲ್ಕು. ಅಷ್ಟರಿಂದ ಯಾವ ತೀರ್ಮಾನಕ್ಕೂ ಬರಲಾಗದಿದ್ದರೂ ಸಂಸ್ಥೆಯು ವಿಷಯವನ್ನು ಅಲ್ಲಿಗೆ ಬಿಡಲಿಲ್ಲ. ರೋಗಿಗಳ ಮೇಲೆಯೇ ನೇರ ಪರೀಕ್ಷೆ ನಡೆಸಲು ನಿರ್ಧರಿಸಿತು. ಸತ್ಯವನ್ನು ಮುಚ್ಚಿಡಲು ಹೊರಟವರು ಹೀಗೆ ಊರೂರಿಗೆ ಕಾಗದ ಬರೆದು ಪುರಾವೆ ಬೇಡುತ್ತಿದ್ದರೆ ಎಂಬುದನ್ನು ವಾಚಕರೇ ಆಲೋಚಿಸಬಹುದು.

ಇಷ್ಟರಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. ಸಾಯುವುದು ಖಚಿತವಾದ ರೋಗಿಗೆ ಔಷಧದ ಗುಣದೋಷಗಳ ನಿಯಮ ಏತಕ್ಕೆ, ಅವನಿಗೆ ಬೇಕಾದುದನ್ನು ಅವನು ತೆಗೆದುಕೊಳ್ಳಲಿ ಎಂಬುದು ವಾದ. 1979ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸರ್ವಾನುಮತದಿಂದ ಇದನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಮರಣಾಸನ್ನ ರೋಗಿಗೂ ಕಾಯಿದೆಯ ರಕ್ಷಣೆ ಉಳಿದವರಷ್ಟೇ ಅವಶ್ಯ ಎಂಬುದು ಅದರ ತಾತ್ಪರ್ಯ. ಇಲ್ಲದಿದ್ದರೆ ವಂಚಕರಿಗೆ ದಿಕ್ಕೆಟ್ಟ ರೋಗಿಗಳೇ ಸುಲಭದ ಬೇಟೆಯಾಗುವರು.

ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಕುಟುಂಬದಲ್ಲಿ ನಡೆದ ಘಟನೆ ಹೃದಯವಿದ್ರಾವಕವಾದುದು. ಎರಡು ವರ್ಷವೂ ತುಂಬದ ಗಂಡುಮಗುವಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಆಸ್ಪತ್ರೆಯ ಔಷಧೋಪಚಾರದಿಂದ ರೋಗ ಹಿಂದೆ ಸರಿದಿತ್ತು. ಮಗುವಿನ ಸಂಕಟ ನೋಡಲಾರದೆ ತಂದೆತಾಯಿಗಳು ಔಷಧ ನಿಲ್ಲಿಸಿದರು, ಲೇಟ್ರಿಲ್ ಹಾಗೂ ಪಥ್ಯಗಳನ್ನು ನೆಚ್ಚಿದರು. ರೋಗ ಮರುಕಳಿಸಿತು. ನ್ಯಾಯಾಲಯವು ಔಷಧ ಮುಂದುವರಿಸಲು ಆಜ್ಞಾಪಿಸಿತು. ಮಗುವಿನ ರಕ್ತದಲ್ಲಿ ಸಯನೈಡಿನ ಅಂಶ ಕಂಡುಬಂದಾಗ ಲೇಟ್ರಿಲ್ ನಿಲ್ಲಿಸಬೇಕೆಂದೂ ಹೇಳಿತು. 1979ರ ಜನವರಿಯಲ್ಲಿ ಅವರು ಮಗುವನ್ನೆತ್ತಿಕೊಂಡು ಮೆಕ್ಸಿಕೋಗೆ ಹೊರಟುಹೋದರು. ಅಕ್ಟೋಬರ್‌ನಲ್ಲಿ, ಮೂರನೆಯ ವಯಸ್ಸಿನಲ್ಲಿ, ಮಗು ತೀರಿಕೊಂಡಿತು. ಆ ತಂದೆತಾಯಿಗಳು ದುಷ್ಟರಲ್ಲ. ಮಗುವಿನ ಮೇಲಿನ ಅಕ್ಕರೆಯೇ ಅವರನ್ನು ಅಲ್ಲಿಗೆ ಕೊಂಡೊಯ್ದಿತು. ಹುಸಿಮದ್ದು ಕೆಲಸ ಮಾಡುವುದು ಅಕ್ಕರೆಯ ಮೂಲಕವೇ.

ಹೆಸರುವಾಸಿಯಾದವರೂ ಈ ಬಲೆಗೆ ಹೊರತಾಗಲಿಲ್ಲ. ಹಾಲಿವುಡ್ಡಿನ ನಟ ಸ್ಟೀವ್ ಮ್ಯಾಕ್ವೀನ್ ಅವರಿಗೆ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ತಗುಲಿತ್ತು. ಅದಕ್ಕೆ ಆಗ ಸರಿಯಾದ ಮದ್ದಿರಲಿಲ್ಲವೆಂಬುದೂ ನಿಜ. 1980ರಲ್ಲಿ ಅವರು ಮೆಕ್ಸಿಕೋಗೆ ಹೋಗಿ ಲೇಟ್ರಿಲ್ ಒಳಗೊಂಡ ಚಿಕಿತ್ಸೆ ಪಡೆದರು. ಚೇತರಿಸಿಕೊಳ್ಳುತ್ತಿರುವರೆಂದು ಪ್ರಚಾರವೂ ನಡೆಯಿತು. ನವೆಂಬರ್ 7ರಂದು, ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ, ಮೆಕ್ಸಿಕೋದಲ್ಲಿಯೇ ಅವರು ನಿಧನ ಹೊಂದಿದರು. ಆಗ ಅವರಿಗೆ ಐವತ್ತು ವರ್ಷ.

ಕಡೆಗೆ ನಿರ್ಣಾಯಕ ಪರೀಕ್ಷೆ ಬಂದಿತು. ಮೇಯೋ ಕ್ಲಿನಿಕ್ ಎಂಬ ಆಸ್ಪತ್ರೆಯ ಡಾ. ಚಾರ್ಲ್ಸ್ ಮೋರ್ಟೆಲ್ ಅವರ ನೇತೃತ್ವದಲ್ಲಿ ನಾಲ್ಕು ಪ್ರಮುಖ ವೈದ್ಯಕೀಯ ಕೇಂದ್ರಗಳು ಸೇರಿ 178 ರೋಗಿಗಳಿಗೆ ಅಮಿಗ್ಡಲಿನ್ ನೀಡಿದವು. ಲೇಟ್ರಿಲ್ ಪಂಥದವರು ಹೇಳುತ್ತಿದ್ದ ಪಥ್ಯ, ಕಿಣ್ವ, ವಿಟಮಿನ್ನುಗಳನ್ನೂ ಜೊತೆಗೆ ಕೊಡಲಾಯಿತು. ರೋಗಿಗಳಲ್ಲಿ ಬಹುತೇಕರು ಹಾಸಿಗೆ ಹಿಡಿದವರಾಗಿರಲಿಲ್ಲ. ಮೂರನೆಯ ಒಂದು ಭಾಗದವರು ಹಿಂದೆ ಕ್ಯಾನ್ಸರ್ ಔಷಧಗಳನ್ನೇ ಪಡೆದಿರಲಿಲ್ಲ. ಆದುದರಿಂದ ಔಷಧಗಳಿಂದ ಶರೀರ ಜರ್ಜರಿತವಾಗಿತ್ತೆಂಬ ಆಕ್ಷೇಪಕ್ಕೆ ಎಡೆಯಿರಲಿಲ್ಲ. 1982ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯಾರೂ ಗುಣಮುಖರಾಗಲಿಲ್ಲ. ಒಬ್ಬ ರೋಗಿಯ ಗಡ್ಡೆ ಮಾತ್ರ ತಾತ್ಕಾಲಿಕವಾಗಿ ಕುಗ್ಗಿ ಮತ್ತೆ ಬೆಳೆಯಿತು. ಮೂರು ತಿಂಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ರೋಗ ಉಲ್ಬಣಿಸಿತ್ತು. ಅರ್ಧದಷ್ಟು ಜನ ಐದು ತಿಂಗಳೊಳಗೆ ತೀರಿಕೊಂಡರು. ಕೆಲವರ ರಕ್ತದಲ್ಲಿ ಸಯನೈಡಿನ ಪ್ರಮಾಣ ಪ್ರಾಣಾಂತಿಕ ಮಟ್ಟವನ್ನು ಸಮೀಪಿಸಿತ್ತು. ಈ ವರದಿಯ ಬಳಿಕ ಲೇಟ್ರಿಲ್ ಚಳುವಳಿಯ ಉಬ್ಬರ ಇಳಿಯಿತು.

ಸಾಮಾನ್ಯ ನ್ಯಾಯದಂತೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅಂತರ್ಜಾಲ ಬಂದೊಡನೆ ಬಿ-17 ಮರುಹುಟ್ಟು ಪಡೆಯಿತು. ನ್ಯೂಯಾರ್ಕಿನ ಒಬ್ಬ ವರ್ತಕನು ಏಪ್ರಿಕಾಟ್ ಬೀಜಗಳನ್ನು ಕ್ಯಾನ್ಸರ್ ಮದ್ದೆಂದು ಅಂತರ್ಜಾಲದ ಮೂಲಕ ಮಾರಿ, ನ್ಯಾಯಾಲಯ ತಡೆದರೂ ನಿಲ್ಲಿಸದೆ, 2004ರಲ್ಲಿ 63 ತಿಂಗಳ ಸೆರೆವಾಸಕ್ಕೆ ಗುರಿಯಾದನು. ಲೋಕದ ವೈದ್ಯಕೀಯ ಪರೀಕ್ಷೆಗಳನ್ನೆಲ್ಲ ಸೋಸಿ ನೋಡುವ ಕಾಕ್ರೇನ್ ಸಂಸ್ಥೆಯು 2015ರ ತನ್ನ ಪರಿಷ್ಕೃತ ಸಮೀಕ್ಷೆಯಲ್ಲಿ, ಈ ಮದ್ದಿನಿಂದ ಪ್ರಯೋಜನವಿದೆಯೆನ್ನಲು ನಂಬಲರ್ಹವಾದ ಆಧಾರವಿಲ್ಲವೆಂದೂ ಸಯನೈಡ್ ವಿಷಬಾಧೆಯ ಅಪಾಯ ಗಣನೀಯವೆಂದೂ ಸಾರಿತು. 2016ರಲ್ಲಿ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು, ವಯಸ್ಕನು ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಸಣ್ಣ ಹಸಿ ಏಪ್ರಿಕಾಟ್ ಬೀಜಗಳನ್ನು ತಿಂದರೆ ಸುರಕ್ಷಿತ ಮಿತಿ ದಾಟಬಹುದು, ಎಳೆಯ ಮಕ್ಕಳಿಗಾದರೆ ಒಂದೇ ಸಣ್ಣ ಬೀಜ ಹೆಚ್ಚಾದೀತು ಎಂದು ಎಚ್ಚರಿಸಿತು. ನಮ್ಮ ಮೊಬೈಲಿನ ಸಂದೇಶ ಹೇಳುವುದು ದಿನಕ್ಕೆ ಹದಿನೈದಿಪ್ಪತ್ತು!

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಹುಸಿಮದ್ದಿನ ಪ್ರಚಾರ ನಮ್ಮಲ್ಲಿ ಹೊಸದೇನಲ್ಲ. 1954ರಲ್ಲಿಯೇ ನಮ್ಮ ಸಂಸತ್ತು ಔಷಧ ಹಾಗೂ ಮಾಯಾಮದ್ದುಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯಿದೆಯನ್ನು ಮಾಡಿತು. ಗುಣಪಡಿಸುತ್ತೇವೆಂದು ಜಾಹೀರಾತು ನೀಡಬಾರದ ರೋಗಗಳ ಪಟ್ಟಿಯಲ್ಲಿ ಕ್ಯಾನ್ಸರ್ ಕೂಡ ಇದೆ. ಅದು ಪತ್ರಿಕೆ, ಕರಪತ್ರ, ಗೋಡೆಬರಹಗಳ ಕಾಲ. ಹಣಕ್ಕಾಗಿ ಜಾಹೀರಾತು ಕೊಡುವವನನ್ನು ಕಾಯಿದೆ ದಂಡಿಸಬಲ್ಲುದು. ರೋಗಿಯ ಮೇಲಿನ ಕಳಕಳಿಯಿಂದ ಸಂದೇಶ ಕಳುಹಿಸುವ ಸೋದರಮಾವನನ್ನು, ನೆರೆಮನೆಯವರನ್ನು, ಹಳೆಯ ಸಹಪಾಠಿಯನ್ನು ಯಾವ ಕಾಯಿದೆ ತಡೆದೀತು?

2024ರ ನವೆಂಬರ್ ತಿಂಗಳಲ್ಲಿ ಮಾಜಿ ಕ್ರಿಕೆಟ್ ಆಟಗಾರ ನವಜೋತ್ ಸಿಂಗ್ ಸಿಧು ಅವರು ಅಮೃತಸರದಲ್ಲಿ ಪತ್ರಿಕಾಗೋಷ್ಠಿ ನಡೆಸಿ, ತಮ್ಮ ಪತ್ನಿಯವರು ನಾಲ್ಕನೆಯ ಹಂತದ ಕ್ಯಾನ್ಸರಿನಿಂದ ಪಾರಾದರೆಂದು ತಿಳಿಸುತ್ತ, ಸಕ್ಕರೆ ಮತ್ತು ಹಾಲಿನ ಪದಾರ್ಥಗಳ ವರ್ಜನೆ, ನಿಂಬೆರಸ, ಹಸಿ ಅರಿಸಿನ, ಬೇವು ಮುಂತಾದ ಪಥ್ಯವನ್ನು ಕೊಂಡಾಡಿದರು. ಅವರ ಪತ್ನಿ ಶಸ್ತ್ರಚಿಕಿತ್ಸೆಯನ್ನೂ ಕ್ಯಾನ್ಸರ್ ಔಷಧಗಳನ್ನೂ ಪಡೆದಿದ್ದರು. ಆದರೆ ದೃಶ್ಯತುಣುಕುಗಳಲ್ಲಿ ದೇಶದಾದ್ಯಂತ ಹರಡಿದ್ದು ಪಥ್ಯದ ಭಾಗ. ಎರಡೇ ದಿನಗಳಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ 262 ಮಂದಿ ಹಾಲಿ ಮತ್ತು ಮಾಜಿ ಕ್ಯಾನ್ಸರ್ ತಜ್ಞರು ಸಹಿ ಮಾಡಿದ ಹೇಳಿಕೆ ಹೊರಬಂದಿತು. ಅರಿಸಿನ, ಬೇವು ಮೊದಲಾದವುಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆಯಾದರೂ ಅವುಗಳನ್ನು ಕ್ಯಾನ್ಸರ್ ಮದ್ದೆಂದು ಶಿಫಾರಸು ಮಾಡುವಷ್ಟು ಆಧಾರ ಇಂದಿಗೆ ಇಲ್ಲ, ಅಪ್ರಮಾಣಿತ ಉಪಾಯಗಳನ್ನು ನಂಬಿ ಚಿಕಿತ್ಸೆಯನ್ನು ಮುಂದೂಡಬೇಡಿರಿ ಎಂಬುದು ಅದರ ತಿರುಳು. ಅನಂತರ ಸಿಧು ಅವರೂ ತಮ್ಮ ಪಥ್ಯವು ವೈದ್ಯರ ಸಲಹೆಯೊಡನೆ ನಡೆದ, ಚಿಕಿತ್ಸೆಗೆ ಪೂರಕವಾದ ಕ್ರಮವೆಂದು ಸ್ಪಷ್ಟಪಡಿಸಿದರು. ಮೊದಲ ಮಾತು ತಲುಪಿದ ಮನೆಗಳಿಗೆಲ್ಲ ಈ ಎರಡನೆಯ ಮಾತು ತಲುಪಿತೆ?

ಇಂಥ ಪ್ರಸಾರದ ಸ್ವರೂಪವನ್ನು ಅಳೆದು ನೋಡಿದ ಅಧ್ಯಯನವೂ ಇದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವೈದ್ಯರು ಮತ್ತು ಸಂಗಡಿಗರು ನಾಲ್ಕು ಸಾಮಾನ್ಯ ಕ್ಯಾನ್ಸರುಗಳನ್ನು ಕುರಿತು ಸಾಮಾಜಿಕ ಮಾಧ್ಯಮಗಳಲ್ಲಿ ಅತಿ ಹೆಚ್ಚು ಪ್ರಚಾರ ಪಡೆದ 200 ಬರಹಗಳನ್ನು ತಜ್ಞರಿಂದ ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು ಮೂರರಲ್ಲಿ ಒಂದು ಬರಹದಲ್ಲಿ ತಪ್ಪು ಮಾಹಿತಿಯಿದ್ದಿತು. ಅಂಥವುಗಳಲ್ಲಿ ಬಹುಪಾಲು ರೋಗಿಗೆ ಹಾನಿ ತರಬಲ್ಲವಾಗಿದ್ದವು. ಅಷ್ಟೇ ಅಲ್ಲ, ಸರಿಯಾದ ಬರಹಗಳಿಗಿಂತ ತಪ್ಪು ಬರಹಗಳಿಗೇ ಜನರ ಸ್ಪಂದನೆ ಹೆಚ್ಚಾಗಿತ್ತು. ಹಾನಿಯ ಅಳತೆಯನ್ನು 2018ರ ಇನ್ನೊಂದು ಅಧ್ಯಯನ ತಿಳಿಸುತ್ತದೆ. ಗುಣವಾಗಬಲ್ಲ ಹಂತದಲ್ಲಿದ್ದ ಕ್ಯಾನ್ಸರಿಗೆ ಅಧಿಕೃತ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಮದ್ದನ್ನೇ ನೆಚ್ಚಿದ 281 ರೋಗಿಗಳನ್ನು, ಚಿಕಿತ್ಸೆ ಪಡೆದ 560 ರೋಗಿಗಳೊಡನೆ ಹೋಲಿಸಿದಾಗ, ಮೊದಲಿನವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇದ್ದಿತು. ಸ್ತನ ಕ್ಯಾನ್ಸರಿನಲ್ಲಿ ಅದು ಐದು ಪಟ್ಟಿಗೂ ಮಿಗಿಲಾಗಿತ್ತು. ಬೀಜವು ವಿಷವಾಗಿ ಕೊಲ್ಲುವುದಕ್ಕಿಂತ, ಚಿಕಿತ್ಸೆಯ ಕಾಲವನ್ನು ಕಳೆಸಿ ಕೊಲ್ಲುವುದೇ ಹೆಚ್ಚೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಗಿಡಮೂಲಿಕೆಗಳನ್ನೆಲ್ಲ ವಿಜ್ಞಾನವು ತಿರಸ್ಕರಿಸುತ್ತದೆಯೇ ಎಂದು ಕೆಲವರು ಕೇಳಬಹುದು. ಇಲ್ಲ. ನಮ್ಮ ಹಿತ್ತಿಲುಗಳಲ್ಲಿ, ಗುಡಿಯ ಅಂಗಳಗಳಲ್ಲಿ ವರ್ಷವಿಡೀ ಅರಳುವ ಕಾಶಿಕಣಗಿಲೆಯನ್ನು, ಅಂದರೆ ನಿತ್ಯಪುಷ್ಪವನ್ನು, ಕಾಣದವರಾರು? ಜಮೈಕಾ ದ್ವೀಪದಲ್ಲಿ ಜನರು ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್ ಹಾಗೂ ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಆ ಎಲೆಗಳನ್ನು ಪರೀಕ್ಷಿಸಿದಾಗ ಮಧುಮೇಹದಲ್ಲಿ ಗುಣ ಕಾಣಲಿಲ್ಲ. ರಕ್ತದ ಬಿಳಿಯ ಕಣಗಳು ಕಡಿಮೆಯಾಗುವುದು ಕಂಡಿತು. 1958ರ ವೇಳೆಗೆ ಅದರಿಂದ ವಿನ್‌ಬ್ಲಾಸ್ಟಿನ್ ಎಂಬ ಔಷಧ ದೊರೆಯಿತು. ಅದೇ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಅದು ಮುಖ್ಯ ಔಷಧಗಳಲ್ಲಿ ಒಂದು. ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲಿ ಆ ರೋಗ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಈಗ ಬದುಕುಳಿಯುತ್ತಾರೆ. ಕಾಶಿಕಣಗಿಲೆಯೂ ಗಿಡವೇ, ಏಪ್ರಿಕಾಟ್ ಕೂಡ ಗಿಡವೇ. ಒಂದು ಒರೆಗಲ್ಲಿಗೆ ನಿಂತಿತು, ಇನ್ನೊಂದು ನಿಲ್ಲಲಿಲ್ಲ. ಆದರೂ ಕಾಶಿಕಣಗಿಲೆಯ ಎಲೆ ಜಗಿದರೆ ಕ್ಯಾನ್ಸರ್ ವಾಸಿಯಾಗುವುದೆಂದು ಯಾರೂ ಭಾವಿಸಬಾರದು. ಎಲೆಯಲ್ಲಿ ಅತ್ಯಲ್ಪವಾಗಿರುವ ಅಂಶವನ್ನು ಬೇರ್ಪಡಿಸಿ, ತೂಗಿ, ಅಳತೆಗೊಳಿಸಿ ರಕ್ತನಾಳದ ಮೂಲಕ ಕೊಡುವುದು ವೈದ್ಯರ ಕೆಲಸ.

ಈ ಇತಿಹಾಸದಿಂದ ಸಾಮಾನ್ಯ ಗೃಹಸ್ಥನು ಕಲಿಯಬೇಕಾದುದೇನು? ಕ್ಯಾನ್ಸರ್ ಮದ್ದಿನ ಯಾವ ಸಂದೇಶ ಬಂದರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲನೆಯದು: ಇದನ್ನು ಎಷ್ಟು ರೋಗಿಗಳ ಮೇಲೆ, ಯಾರು ಪರೀಕ್ಷಿಸಿದರು? ಎರಡನೆಯದು: ಗುಣವಾದನೆಂದು ಹೇಳಲಾದ ವ್ಯಕ್ತಿಯು ಇದರೊಂದಿಗೆ ಬೇರೆ ಚಿಕಿತ್ಸೆಯನ್ನೂ ಪಡೆದಿದ್ದನೆ? ಮೂರನೆಯದು: ಇದೇ ಮದ್ದು ತೆಗೆದುಕೊಂಡು ತೀರಿಕೊಂಡವರ ಲೆಕ್ಕವೆಲ್ಲಿ? ಬದುಕಿದವನು ಸಾಕ್ಷಿ ಹೇಳಲು ಬರುತ್ತಾನೆ, ಸತ್ತವನು ಬರಲಾರ. ಎಪ್ಪತ್ತು ಸಾವಿರ ಮಂದಿಯ ಪೈಕಿ 93 ದಾಖಲೆ ಮಾತ್ರ ಬಂದದ್ದರ ಅರ್ಥವನ್ನು ಇಲ್ಲಿ ನೆನೆಯಬೇಕು. ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂದೇಶವನ್ನು ಮುಂದಕ್ಕೆ ಕಳುಹಿಸದಿರುವುದೇ ರೋಗಿಗೆ ನಾವು ಮಾಡಬಹುದಾದ ಮೊದಲ ಉಪಕಾರ.

ಎರಡನೆಯ ಉಪಕಾರವೂ ಇದೆ. ಹುಸಿಮದ್ದನ್ನು ನಂಬಿದ ರೋಗಿಯನ್ನು ಗದರಿಸಿ, ಹೀಯಾಳಿಸಿ ದೂರ ಮಾಡಬಾರದು. ಭಯ, ಬಡತನ, ಒಂಟಿತನಗಳೇ ಅವನನ್ನು ಅತ್ತ ತಳ್ಳಿರುತ್ತವೆ. ಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿ ಇಂದು ಶಿಕ್ಷಕರಾಗಿ, ವೈದ್ಯರಾಗಿ, ನೌಕರರಾಗಿ ಊರೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳ ಮಾತಿಗೆ ಆಯಾ ಊರಿನಲ್ಲಿ ಬೆಲೆಯಿರುತ್ತದೆ. ಅವರು ರೋಗಿಯ ಮನೆಗೆ ಹೋಗಿ ಪಕ್ಕದಲ್ಲಿ ಕುಳಿತು ಅವನ ಅಂಜಿಕೆಯನ್ನು ಕೇಳಲಿ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯಂಥ ಸರಕಾರಿ ಕ್ಯಾನ್ಸರ್ ಆಸ್ಪತ್ರೆಗೋ ಹತ್ತಿರದ ಜಿಲ್ಲಾ ಆಸ್ಪತ್ರೆಗೋ ಅವನ ಜೊತೆಯಲ್ಲಿ ಹೋಗಲಿ. ಅರಿಸಿನವೋ ಬೇವೋ ಸೇವಿಸುತ್ತಿದ್ದರೆ ಅದನ್ನು ವೈದ್ಯರಿಂದ ಮರೆಮಾಚದಂತೆ ತಿಳಿಹೇಳಲಿ. ನಡೆಯುತ್ತಿರುವ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದಂತೆ ಧೈರ್ಯ ತುಂಬಲಿ. ಮೊಬೈಲಿನ ಸಂದೇಶವು ಒಂದು ಕ್ಷಣದಲ್ಲಿ ನೂರು ಮನೆಗಳನ್ನು ತಲುಪುತ್ತದೆ, ಆದರೆ ರೋಗಿಯ ಕೈಹಿಡಿದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಮನುಷ್ಯನೇ ಹೋಗಬೇಕು.